ವಾಹನದ ಮೇಲಿನ ಹಳೆಯ ಹೆಸರು: ವಿನೈಲ್ ಸ್ಟಿಕ್ಕರ್ ತೆಗೆಯುವ ಕ್ರಮ ಮತ್ತು ಅದರ ಲೆಕ್ಕ

ವ್ಯಾಪಾರ ಸಂಸ್ಥೆಯೊಂದು ತನ್ನ ಹೆಸರನ್ನು ಬದಲಿಸಿದಾಗ, ಪಾಲುದಾರಿಕೆ ವಿಸರ್ಜನೆಗೊಂಡಾಗ, ಏಜೆನ್ಸಿ ಬಿಟ್ಟುಹೋದಾಗ ಅಥವಾ ಹಳೆಯ ವಾಹನವನ್ನು ಮಾರಾಟ ಮಾಡಿದಾಗ ಲೆಟರ್‌ಹೆಡ್, ಬಿಲ್ ಪುಸ್ತಕ, ರಬ್ಬರ್ ಮೊಹರು, ಅಂಗಡಿಯ ಬೋರ್ಡು ಇವುಗಳನ್ನು ಬದಲಾಯಿಸಲು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ಸರಕು ಸಾಗಿಸುವ ವ್ಯಾನಿನ ಅಥವಾ ಮಾಲೀಕರ ಕಾರಿನ ಬಾಗಿಲ ಮೇಲೆ ಅಂಟಿಸಿದ ಹೆಸರು. ಅದು ಕೇವಲ ಅಲಂಕಾರವೆಂಬ ಭಾವನೆ ನಮ್ಮಲ್ಲಿದೆ. ಲೆಕ್ಕ ಪರಿಶೋಧಕನಾಗಿ ನಾನು ಕಂಡ ಒಂದು ಪ್ರಕರಣವು ಹಾಗಲ್ಲವೆಂದು ತೋರಿಸಿಕೊಟ್ಟಿತು. ಆದಕಾರಣ ಈ ವಿಷಯವನ್ನು ಸದಸ್ಯ ಬಂಧುಗಳ ಮುಂದಿಡಲು ಇಚ್ಛಿಸುತ್ತೇನೆ.

ಸಹೋದರರಿಬ್ಬರ ಪಾಲುದಾರಿಕೆಯಲ್ಲಿದ್ದ ಪ್ಲೈವುಡ್ ಮತ್ತು ಹಾರ್ಡ್‌ವೇರ್ ಅಂಗಡಿಯೊಂದು 2019ರ ಮಾರ್ಚ್ ಅಂತ್ಯಕ್ಕೆ ವಿಸರ್ಜನೆಗೊಂಡಿತು. ಛಾಪಾ ಕಾಗದದ ಮೇಲೆ ವಿಸರ್ಜನಾ ಪತ್ರವಾಯಿತು, ಆಸ್ತಿ ಹೊಣೆಗಳ ಹಂಚಿಕೆಯಾಯಿತು. ಡೆಲಿವರಿ ವ್ಯಾನು ತಮ್ಮನ ಪಾಲಿಗೆ ಬಂದಿತು. ತಮ್ಮ ಹೊಸ ಹೆಸರಿನಲ್ಲಿ ಅದೇ ವ್ಯಾಪಾರವನ್ನು ಮುಂದುವರಿಸಿದರು. ಅಣ್ಣ ನಿವೃತ್ತ ಜೀವನಕ್ಕೆ ಹೋದರು. ವ್ಯಾನಿನ ಎರಡೂ ಬಾಗಿಲುಗಳ ಮೇಲೆ ಹಳೆಯ ಸಂಸ್ಥೆಯ ಹೆಸರಿತ್ತು. ಅದನ್ನು ತೆಗೆಯುವಂತೆ ತಮ್ಮ ಗೋದಾಮಿನ ಹುಡುಗನಿಗೆ ಹೇಳಿದರು. ಆತ ಪೇಂಟರ್‌ಗಳು ಬಳಸುವ ಕಬ್ಬಿಣದ ಪಟ್ಟಿ ಮತ್ತು ಒಂದು ಬಾಟಲಿ ಥಿನ್ನರ್ ತಂದು ಎಡಬಾಗಿಲಿನಿಂದ ಆರಂಭಿಸಿದ. ಒಂದು ಗಂಟೆಯೊಳಗೆ ಅಕ್ಷರಗಳ ಜೊತೆಗೆ ಬಣ್ಣವೂ ಎದ್ದು ಒಳಗಿನ ಪ್ರೈಮರ್ ಕಾಣಿಸಿಕೊಂಡಿತು. ಹೆದರಿದ ಹುಡುಗ ಬಲಬಾಗಿಲನ್ನು ಮುಟ್ಟಲಿಲ್ಲ. ಯಜಮಾನರೂ 'ಇರಲಿ, ಆಮೇಲೆ ನೋಡೋಣ' ಎಂದರು. ಹೀಗೆ ಹಳೆಯ ಹೆಸರು ಒಂದು ಬದಿಯಲ್ಲಿ ಎಂಟು ತಿಂಗಳು ಊರೂರು ತಿರುಗಿತು.

ಪರ ಊರಿನ ಹಳೆಯ ಸರಬರಾಜುದಾರರೊಬ್ಬರು ಆ ವ್ಯಾನಿಗೆ ನಾಲ್ಕು ಬಾರಿ ಮಾಲು ತುಂಬಿಸಿ, ಹಳೆಯ ಖಾತೆಗೇ ಖರ್ಚು ಬರೆದರು. ಒಟ್ಟು 1,86,000 ರೂಪಾಯಿ. ತಮ್ಮನ ಕೈ ಬಿಗಿಯಾಗಿ ಹಣ ಬಾರದಿದ್ದಾಗ ವಕೀಲರ ನೋಟೀಸು ಇಬ್ಬರಿಗೂ ಬಂದಿತು. ಅಣ್ಣ ಆ ನೋಟೀಸನ್ನು ಹಿಡಿದು ನಮ್ಮ ಕಚೇರಿಗೆ ಬಂದಾಗ ಅವರ ಮುಖದಲ್ಲಿದ್ದುದು ಕೋಪವಲ್ಲ, ಆಶ್ಚರ್ಯ. 'ನಾನು ಬಿಟ್ಟು ವರ್ಷವಾಗುತ್ತಾ ಬಂತಲ್ಲ ಸಾರ್' ಎಂದರು. ನೋಟೀಸಿನ ಜೊತೆಗೆ ಲಗತ್ತಿಸಿದ ದಾಖಲೆಗಳಲ್ಲಿ ಸರಬರಾಜುದಾರರ ಗೋದಾಮಿನ ಮುಂದೆ ನಿಂತಿದ್ದ ವ್ಯಾನಿನ ಬಲಬಾಗಿಲಿನ ಛಾಯಾಚಿತ್ರವೂ ಇತ್ತು.

ಕಾನೂನಿನ ನಿಲುವು

ಭಾರತೀಯ ಪಾಲುದಾರಿಕೆ ಕಾಯ್ದೆ, 1932ರ 45ನೇ ಕಲಮಿನಂತೆ, ಸಂಸ್ಥೆ ವಿಸರ್ಜನೆಯಾದರೂ ಸಾರ್ವಜನಿಕ ಪ್ರಕಟಣೆ ನೀಡುವವರೆಗೆ ಪಾಲುದಾರರು ಮೂರನೆಯವರಿಗೆ ಹೊಣೆಗಾರರಾಗಿ ಮುಂದುವರಿಯುತ್ತಾರೆ. ಒಬ್ಬ ಪಾಲುದಾರ ಮಾತ್ರ ನಿವೃತ್ತನಾಗಿ ಸಂಸ್ಥೆ ಉಳಿದರೆ 32ನೇ ಕಲಂ ಇದೇ ಮಾತನ್ನು ಹೇಳುತ್ತದೆ. ಪ್ರಕಟಣೆಯೆಂದರೆ ಏನೆಂಬುದು 72ನೇ ಕಲಮಿನಲ್ಲಿದೆ: ರಾಜ್ಯಪತ್ರದಲ್ಲಿ ಹಾಗೂ ಆ ಜಿಲ್ಲೆಯಲ್ಲಿ ಪ್ರಸಾರವಿರುವ ಕನಿಷ್ಠ ಒಂದು ದೇಶಭಾಷಾ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಸಂಸ್ಥೆ ನೋಂದಣಿಯಾಗಿದ್ದಲ್ಲಿ ಫರ್ಮ್‌ಗಳ ರಿಜಿಸ್ಟ್ರಾರರಿಗೂ ತಿಳಿಸಬೇಕು. ಸಹೋದರರು ಇದಾವುದನ್ನೂ ಮಾಡಿರಲಿಲ್ಲ. ಆತ ಪಾಲುದಾರನೆಂದೇ ಅರಿಯದೆ ವ್ಯವಹರಿಸಿದವರಿಗೆ ನಿವೃತ್ತ ಪಾಲುದಾರ ಹೊಣೆಯಲ್ಲವೆಂಬ ವಿನಾಯಿತಿ ಇದೆಯಾದರೂ, ಈ ಸರಬರಾಜುದಾರರಿಗೆ ಅಣ್ಣನ ಪರಿಚಯ ಹದಿನೈದು ವರ್ಷದ್ದು. ಇದಲ್ಲದೆ, ತನ್ನನ್ನು ಪಾಲುದಾರನೆಂದು ತೋರಿಸಲು ತಿಳಿದೂ ಅವಕಾಶ ಕೊಟ್ಟವನು, ಅದನ್ನು ನಂಬಿ ಸಾಲ ಕೊಟ್ಟವರಿಗೆ ಹೊಣೆಯಾಗುತ್ತಾನೆಂಬ 28ನೇ ಕಲಮೂ ಇದೆ. ಕೊನೆಗೆ ರಾಜಿಯಲ್ಲಿ ಅಣ್ಣ 93,000 ರೂಪಾಯಿ ತೆತ್ತರು.

ಸ್ಟಿಕ್ಕರ್ ತೆಗೆದಿದ್ದರೆ ಸಾರ್ವಜನಿಕ ಪ್ರಕಟಣೆ ಬೇಕಿರಲಿಲ್ಲವೆಂದು ಯಾರೂ ಭಾವಿಸಬಾರದು. ಪ್ರಕಟಣೆ ಅನಿವಾರ್ಯ. ಆದರೆ ವ್ಯಾನಿನ ಮೇಲೆ ಆ ಹೆಸರಿಲ್ಲದಿದ್ದರೆ ಮೊದಲನೆಯ ಲೋಡಿನ ವೇಳೆಯಲ್ಲಿಯೇ ಸರಬರಾಜುದಾರರು 'ಯಾವ ಹೆಸರಿಗೆ ಬರೆಯಲಿ?' ಎಂದು ಕೇಳುತ್ತಿದ್ದರು.

ಏಜೆನ್ಸಿ ವ್ಯಾಪಾರಸ್ಥರ ಸ್ಥಿತಿ ಸ್ವಲ್ಪ ಭಿನ್ನ. ಅವರ ವಾಹನದ ಮೇಲಿರುವುದು ಕಂಪನಿಯ ಟ್ರೇಡ್ ಮಾರ್ಕು. ಏಜೆನ್ಸಿ ಮುಗಿದ ಬಳಿಕವೂ ಅದನ್ನು ಹಾಗೆಯೇ ಉಳಿಸಿಕೊಂಡರೆ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಅಡಿಯಲ್ಲಿ ಆಕ್ಷೇಪಣೆಗೆ ಎಡೆಯಾಗುತ್ತದೆ. ಠೇವಣಿ ಹಿಂದಿರುಗಿಸುವ ಮುನ್ನ ಕಂಪನಿಯ ಪ್ರತಿನಿಧಿ ಮೊದಲು ನೋಡುವುದೂ ಅದನ್ನೇ.

ಸ್ಟಿಕ್ಕರ್ ಮತ್ತು ಬಣ್ಣದ ಸ್ವರೂಪ

ಹಿಂದೆ ಸೈನ್ ಬೋರ್ಡ್ ಕಲಾವಿದರು ಎನಾಮಲ್ ಬಣ್ಣದಲ್ಲಿ ಕುಂಚ ಹಿಡಿದು ಬರೆಯುತ್ತಿದ್ದ ಅಕ್ಷರಗಳಿಗೆ ಮುಂದೆ ಹೇಳುವ ಕ್ರಮ ಅನ್ವಯಿಸುವುದಿಲ್ಲ; ಅವು ಬಣ್ಣದ ಮೇಲಿನ ಬಣ್ಣ, ಉಜ್ಜಿಯೋ ಮತ್ತೆ ಬಳಿದೋ ಹೋಗಬೇಕು. (ಆ ಅಕ್ಷರಗಳ ಅಂದ ಇಂದಿನ ಕಂಪ್ಯೂಟರ್ ಕಟಿಂಗ್‌ಗೆ ಬರಲಿಲ್ಲವೆಂಬುದು ಬೇರೆ ಮಾತು.) ಈಗ ಬಹುತೇಕ ವಾಹನಗಳ ಮೇಲಿರುವುದು ಅಂಟು ಲೇಪಿಸಿದ ವಿನೈಲ್ ಹಾಳೆ. ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಸ್ವಭಾವತಃ ಗಡುಸಾದ ಅದಕ್ಕೆ ಮೃದುತ್ವ ಕೊಡಲು ಪ್ಲಾಸ್ಟಿಸೈಜರ್ ಎಂಬ ದ್ರವ್ಯವನ್ನು ಬೆರೆಸಿರುತ್ತಾರೆ. ಬಿಸಿಲಿಗೆ ಮತ್ತು ಕಾಲಕ್ರಮಕ್ಕೆ ಆ ದ್ರವ್ಯ ಹೊರಹೋದಂತೆ ಹಾಳೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಹಪ್ಪಳದಂತೆ ಪುಡಿಯಾಗುತ್ತದೆ.

ವಿನೈಲ್‌ನಲ್ಲಿ ಎರಡು ಜಾತಿ. ಉರುಳೆಗಳ ನಡುವೆ ಒತ್ತಿ ತಯಾರಿಸಿದ ಕ್ಯಾಲೆಂಡರ್ಡ್ ಹಾಳೆ ಸುಮಾರು 75ರಿಂದ 100 ಮೈಕ್ರಾನ್ ದಪ್ಪವಿದ್ದು ಅಗ್ಗವಾಗಿರುತ್ತದೆ. ಅದು ಕುಗ್ಗುವುದೂ ಬೇಗ. ದ್ರವರೂಪದಲ್ಲಿ ಎರೆದು ತಯಾರಿಸಿದ ಕಾಸ್ಟ್ ಹಾಳೆ ಸುಮಾರು 50 ಮೈಕ್ರಾನ್‌ನಷ್ಟು ತೆಳು, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅಂಗಡಿಯ ವ್ಯಾನಿಗೆ ಚೌಕಾಸಿ ಮಾಡಿ ಹಾಕಿಸಿದ್ದು ಸಾಮಾನ್ಯವಾಗಿ ಮೊದಲನೆಯದೇ ಆಗಿರುತ್ತದೆ. ನಿಮ್ಮ ವಾಹನದ್ದು ಯಾವ ಸ್ಥಿತಿಯಲ್ಲಿದೆಯೆಂದು ತಿಳಿಯಲು ಉಗುರಿನಿಂದ ಒಂದು ಮೂಲೆಯನ್ನು ಎಬ್ಬಿಸಿ ನೋಡಿದರೆ ಸಾಕು. ತೊಗಟೆಯಂತೆ ಎದ್ದು ಬಂದರೆ ಅರ್ಧ ದಿನದ ಕೆಲಸ. ಚೂರುಚೂರಾಗಿ ಮುರಿದರೆ ಒಂದೆರಡು ದಿನಗಳನ್ನು ಮೀಸಲಿಡಬೇಕು.

ಇನ್ನು ಬಣ್ಣ. ಕಾರ್ಖಾನೆಯಿಂದ ಬಂದ ವಾಹನದ ತಗಡಿನ ಮೇಲಿರುವ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ತಲೆಗೂದಲಿನ ಎರಡು ಎಳೆಗಳಷ್ಟು. ಅದರಲ್ಲಿ ಹೊಳಪು ಕೊಡುವ ಮೇಲಿನ ಕ್ಲಿಯರ್ ಕೋಟ್ 40-50 ಮೈಕ್ರಾನ್ ಮಾತ್ರ. ಕಬ್ಬಿಣದ ಪಟ್ಟಿಯ ಒಂದು ತಪ್ಪು ಗೀರು ಇದನ್ನು ದಾಟಿಹೋಗಲು ಬಲವೇ ಬೇಕಿಲ್ಲ. ಕೆಲವು ಸರಕು ವಾಹನಗಳ ಬಿಳಿ ಬಣ್ಣಕ್ಕೆ ಪ್ರತ್ಯೇಕ ಕ್ಲಿಯರ್ ಕೋಟ್ ಇರುವುದಿಲ್ಲ. ಉಜ್ಜಿದಾಗ ಬಟ್ಟೆಗೆ ಬಿಳಿ ಹತ್ತಿಕೊಂಡರೆ ಅಂತಹ ಬಣ್ಣವೆಂದು ತಿಳಿಯಬೇಕು. ಅಪಘಾತದ ನಂತರ ಗ್ಯಾರೇಜಿನಲ್ಲಿ ಮರುಬಣ್ಣ ಬಳಿಸಿದ ಭಾಗದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಅಂತಹ ಬಣ್ಣದ ಹಿಡಿತ ಕಾರ್ಖಾನೆಯ ಬಣ್ಣದಷ್ಟಿರುವುದಿಲ್ಲವಾಗಿ, ಎಷ್ಟು ಜಾಗರೂಕತೆಯಿಂದ ಎಳೆದರೂ ಸ್ಟಿಕ್ಕರಿನ ಜೊತೆಗೇ ಎದ್ದು ಬರಬಹುದು. ಹಳೆಯ ವಿಮಾ ಕ್ಲೇಮಿನ ಕಡತ ನೋಡಿದರೆ ಯಾವ ಬಾಗಿಲಿಗೆ ಮರುಬಣ್ಣವಾಗಿದೆಯೆಂಬುದು ತಿಳಿಯುತ್ತದೆ.

ತೆಗೆಯುವ ಕ್ರಮ

ಮೊದಲು ವಾಹನವನ್ನು ಶಾಂಪೂ ನೀರಿನಿಂದ ತೊಳೆದು ಒರೆಸಬೇಕು. ನಮ್ಮ ಕೆಂಪು ಧೂಳಿನ ಕಣಗಳು ಬಟ್ಟೆಯಡಿ ಸಿಕ್ಕರೆ ಮರಳು ಕಾಗದದ ಕೆಲಸ ಮಾಡುತ್ತವೆ. ಕೆಲಸ ಆರಂಭಿಸುವ ಮುನ್ನ ಸ್ಟಿಕ್ಕರ್ ಇರುವ ಎಲ್ಲ ಭಾಗಗಳ ಛಾಯಾಚಿತ್ರ ತೆಗೆದಿರಿಸಿಕೊಳ್ಳುವುದು ಒಳಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಕಾರ್ಯದಲ್ಲಿ ನಿಜವಾದ ಸಾಧನ ಶಾಖ. ಬಿಸಿಯಾದಾಗ ವಿನೈಲ್ ಮೃದುವಾಗುತ್ತದೆ, ಅಂಟಿನ ಹಿಡಿತ ಸಡಿಲವಾಗುತ್ತದೆ. ಮನೆಯಲ್ಲಿ ತಲೆಗೂದಲು ಒಣಗಿಸುವ ಹೇರ್ ಡ್ರೈಯರ್ ಇದಕ್ಕೆ ಸಾಕು. ಒಂದು ಅಂಗೈಯಗಲದ ಜಾಗವನ್ನು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಆಡಿಸುತ್ತಾ ಬಿಸಿ ಮಾಡಿ, ಕೈಯಿಟ್ಟರೆ ಚುರುಕೆನಿಸಿದರೂ ಕ್ಷಣಕಾಲ ಸಹಿಸಬಹುದಾದಷ್ಟು ಬಿಸಿಗೆ ನಿಲ್ಲಿಸಬೇಕು. ಗ್ಯಾರೇಜಿನ ಹೀಟ್ ಗನ್ ನೂರಾರು ಡಿಗ್ರಿಗಳ ಗಾಳಿಯನ್ನು ಊದುತ್ತದೆ. ಅಭ್ಯಾಸವಿಲ್ಲದವರ ಕೈಯಲ್ಲಿ ಅದು ಬಣ್ಣವನ್ನು ಗುಳ್ಳೆ ಎಬ್ಬಿಸಿ, ಪ್ಲಾಸ್ಟಿಕ್ ಬಂಪರನ್ನು ಸೊಟ್ಟಗಾಗಿಸುತ್ತದೆ. ವಿದ್ಯುತ್ ಸೌಕರ್ಯವಿಲ್ಲದ ಕಡೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ಹೊದಿಸಬಹುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ವಾಹನಕ್ಕೆ ಬೇರೆ ಶಾಖವೇ ಬೇಕಾಗದಿರಬಹುದು. ಬೆಂಕಿಕಡ್ಡಿ, ಲೈಟರ್, ಬ್ಲೋ ಲ್ಯಾಂಪ್ ಸರ್ವಥಾ ಕೂಡದು.

ಎಳೆಯುವ ರೀತಿಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಎದ್ದ ಮೂಲೆಯನ್ನು ಹಿಡಿದು ತಮ್ಮ ಕಡೆಗೆ ನೇರವಾಗಿ ಕಿತ್ತರೆ ಬಲವೆಲ್ಲ ಬಣ್ಣದ ಮೇಲೆ ಬೀಳುತ್ತದೆ. ಹಾಳೆಯನ್ನು ಹಿಂದಕ್ಕೆ ಮಡಚಿ, ವಾಹನದ ಮೈಗೆ ಹತ್ತಿರವಾಗಿಯೇ, ಒಂದೇ ವೇಗದಲ್ಲಿ ನಿಧಾನವಾಗಿ ಎಳೆಯಬೇಕು. ಹಾಳೆ ಹರಿದರೆ ಶಾಖ ಸಾಲದು. ಹಾಳೆ ಬಂದು ಅಂಟು ಬಣ್ಣದ ಮೇಲೆಯೇ ಎಳೆಎಳೆಯಾಗಿ ಉಳಿದರೆ ಶಾಖ ಹೆಚ್ಚಾಯಿತು ಅಥವಾ ಎಳೆತ ಅವಸರದ್ದಾಯಿತು. ಐದಾರು ಅಕ್ಷರಗಳ ನಂತರ ಕೈಗೆ ತಾನಾಗಿಯೇ ಹದ ಸಿಗುತ್ತದೆ. ಮೂಲೆ ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡು ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಉಕ್ಕಿನ ಬ್ಲೇಡಿಗೆ ಗಾಜಿನ ಮೇಲೆ ಮಾತ್ರ ಅವಕಾಶ; ಅದೂ ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ತಂತಿಗೆರೆಗಳಿದ್ದರೆ ಅಲ್ಲಿ ಕೂಡದು.

ಪುಡಿಯಾಗುವ ಹಳೆಯ ಹಾಳೆಗೆ ಡ್ರಿಲ್ ಯಂತ್ರಕ್ಕೆ ಜೋಡಿಸುವ ರಬ್ಬರ್ ಚಕ್ರ ದೊರೆಯುತ್ತದೆ. ಶಾಲೆಯ ಮಕ್ಕಳ ರಬ್ಬರಿನಂತೆ ಅದು ವಿನೈಲ್ ಮತ್ತು ಅಂಟು ಎರಡನ್ನೂ ಉಜ್ಜಿ ತೆಗೆಯುತ್ತದೆ. ಚಕ್ರದ ಮೇಲೆ ನಮೂದಿಸಿದ ವೇಗದ ಮಿತಿಯನ್ನು ಮೀರಬಾರದು, ಒಂದೇ ಕಡೆ ಒತ್ತಿ ಹಿಡಿಯಬಾರದು. ಘರ್ಷಣೆಯ ಬಿಸಿಗೆ ಬಣ್ಣ ಸುಡುತ್ತದೆ. ಮರುಬಣ್ಣ ಬಳಿದ ಭಾಗಕ್ಕೂ ಪ್ಲಾಸ್ಟಿಕ್ ಭಾಗಕ್ಕೂ ಇದನ್ನು ತಾಗಿಸದಿರುವುದೇ ಕ್ಷೇಮ.

ಉಳಿದ ಅಂಟಿಗೆ ಪೇಂಟ್ ಅಂಗಡಿಯಲ್ಲಿ ಎಂಟಿಒ ಎಂದು ಮಾರುವ ಮಿನರಲ್ ಟರ್ಪೆಂಟೈನ್, ಸೀಮೆಎಣ್ಣೆ, ಅಥವಾ ಐಸೊಪ್ರೊಪಿಲ್ ಆಲ್ಕೊಹಾಲ್ ಬಳಸಬಹುದು. ಬಟ್ಟೆಯನ್ನು ತೋಯಿಸಿ ಅಂಟಿನ ಮೇಲೆ ನಾಲ್ಕೈದು ನಿಮಿಷ ಇರಿಸಿ, ಅಂಟು ತಾನಾಗಿ ಊದಿಕೊಂಡ ಮೇಲೆ ಒರೆಸಬೇಕು. ಕಾಯುವ ತಾಳ್ಮೆಯಿದ್ದರೆ ಕೊಬ್ಬರಿ ಎಣ್ಣೆಯೂ ಕೆಲಸ ಮಾಡುತ್ತದೆ. ಯಾವುದನ್ನೇ ಆಗಲಿ, ಮೊದಲು ಬಾಗಿಲಿನ ಒಳಅಂಚಿನಂತಹ ಮರೆಯ ಜಾಗದಲ್ಲಿ ಪರೀಕ್ಷಿಸಬೇಕು. ಎನ್‌ಸಿ ಥಿನ್ನರ್, ಅಸಿಟೋನ್ ಇವು ಬಣ್ಣವನ್ನೇ ಕರಗಿಸಬಲ್ಲವು. ಪೆಟ್ರೋಲು ಬೆಂಕಿಯ ದೃಷ್ಟಿಯಿಂದಲೂ ಅಪಾಯ. ದ್ರಾವಕ ಬಳಸುವಾಗ ಹೇರ್ ಡ್ರೈಯರ್ ಆರಿಸಿ ದೂರವಿಟ್ಟಿರಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಕೊನೆಯಲ್ಲಿ ಮತ್ತೊಮ್ಮೆ ಶಾಂಪೂ ನೀರಿನ ತೊಳೆತ.

ಉಳಿಯುವ ನೆರಳು

ಸ್ಟಿಕ್ಕರ್ ಹೋಯಿತು, ಅಂಟು ಹೋಯಿತು, ಆದರೆ ಸಂಜೆಯ ಓರೆ ಬೆಳಕಿನಲ್ಲಿ ಹೆಸರು ಮತ್ತೆ ಓದಿಸಿಕೊಳ್ಳುತ್ತದೆ. ಇದು ಹಲವರಿಗೆ ಬೇಸರ ತರುವ ಘಟ್ಟ. ಅಕ್ಷರದ ಅಂಚಿನಲ್ಲಿ ಮಾತ್ರ ಕಪ್ಪು ಗೆರೆಯಿದ್ದರೆ ಅದು ಅಂಟಿಗೆ ಹಿಡಿದ ಧೂಳು. ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ. ಅಕ್ಷರದ ಪೂರ್ಣ ಆಕಾರವೇ ಗಾಢವಾಗಿ ಕಂಡರೆ, ವಿನೈಲ್ ಮರೆಯಲ್ಲಿದ್ದ ಬಣ್ಣ ತಾಜಾ ಉಳಿದು ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ ಎಂದರ್ಥ. ಬಿಳಿ ವ್ಯಾನಿನಲ್ಲಿ ಇದು ಕಡಿಮೆ, ಕೆಂಪು ಮತ್ತು ನೀಲಿಯಲ್ಲಿ ಹೆಚ್ಚು. ಅಕ್ಷರವನ್ನು ಉಜ್ಜಿ ಫಲವಿಲ್ಲ. ಮಾಸಿದ ಸುತ್ತಲಿನ ಭಾಗವನ್ನೇ ರಬ್ಬಿಂಗ್ ಕಾಂಪೌಂಡ್‌ನಿಂದ, ನಂತರ ಪಾಲಿಶ್‌ನಿಂದ ಸಮಮಾಡಬೇಕು. ಕಾಂಪೌಂಡ್ ಎಂಬುದು ಬಣ್ಣವನ್ನು ಸವೆಸಿ ಹೊಳಪು ತರುವ ವಸ್ತು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅದು ಮೂಲಧನದಿಂದ ತೆಗೆದು ಲಾಭ ತೋರಿಸಿದಂತೆ; ಒಂದೆರಡು ಬಾರಿಗೆ ಮಾತ್ರ ಅವಕಾಶ. ಅದಕ್ಕೂ ನೆರಳು ಜಗ್ಗದಿದ್ದರೆ ಆ ಭಾಗಕ್ಕೆ ಮರುಬಣ್ಣ ಬಳಿಸಬೇಕು, ಅಥವಾ ವಾಹನ ನಿಮ್ಮಲ್ಲಿಯೇ ಉಳಿಯುವುದಾದರೆ ಹಳೆಯ ಅಕ್ಷರಗಳನ್ನು ಪೂರ್ತಿ ಮುಚ್ಚುವಷ್ಟು ಅಗಲವಾದ ಹೊಸ ಸ್ಟಿಕ್ಕರನ್ನು ಹಾಕಿಸಬಹುದು. ಎರಡನೆಯದು ಅಗ್ಗ.

ಮರುಬಣ್ಣದ ಖರ್ಚನ್ನು ಪೇಂಟರ್‌ನ ಬಿಲ್ಲಿನಿಂದ ಮಾತ್ರ ಅಳೆಯಲಾಗದು. ಮೇಲಿನ ಪ್ರಕರಣದಲ್ಲಿ ಎಡಬಾಗಿಲಿಗೆ ಬಣ್ಣ ಬಳಿಸಲು ತಗುಲಿದ್ದು 6,000 ರೂಪಾಯಿ. 2020ರಲ್ಲಿ ವ್ಯಾನು ಮಾರುವಾಗ ಕೊಳ್ಳಲು ಬಂದವರು ಎರಡು ಬಾಗಿಲುಗಳ ಛಾಯೆ ಹೊಂದದಿರುವುದನ್ನು ಕಂಡು ಅಪಘಾತವಾದ ವಾಹನವೆಂದು ಅನುಮಾನಿಸಿ 15,000 ರೂಪಾಯಿ ಇಳಿಸಿದರು. ಅಪಘಾತವಾಗಿರಲಿಲ್ಲ. ಆದರೆ ಹಾಗೆಂದು ತೋರಿಸಲು ಒಂದು ಚೂರು ದಾಖಲೆಯೂ ಇರಲಿಲ್ಲ. ಕೆಲಸದ ಮೊದಲು ಮತ್ತು ನಂತರದ ಛಾಯಾಚಿತ್ರಗಳ ಪ್ರಯೋಜನ ಇಲ್ಲಿಯೇ. ಹೆಸರನ್ನು ಯಾವ ದಿನ ತೆಗೆಯಲಾಯಿತೆಂಬುದಕ್ಕೂ ಅವೇ ಸಾಕ್ಷಿ.

ತೆಗೆಯಬಾರದವು

ಉತ್ಸಾಹದಲ್ಲಿ ಎಲ್ಲವನ್ನೂ ಕಿತ್ತು ಹಾಕುವಂತಿಲ್ಲ. ಸರಕು ವಾಹನಗಳ ಮೇಲಿನ ಪ್ರತಿಫಲನ ಪಟ್ಟಿಗಳು ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಕಡ್ಡಾಯ. ಮುಂದಿನ ಗಾಜಿನ ಒಳಗಿರುವ, ನೋಂದಣಿ ಸಂಖ್ಯೆಯುಳ್ಳ ಹಾಲೊಗ್ರಾಂ ಸ್ಟಿಕ್ಕರ್ ಅತಿ ಸುರಕ್ಷಿತ ನಂಬರ್ ಪ್ಲೇಟಿನ ಭಾಗವಾಗಿದ್ದು, ಕಿತ್ತರೆ ಹಾಳಾಗುವಂತೆಯೇ ಅದನ್ನು ರೂಪಿಸಲಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ ಫಾಸ್ಟ್‌ಟ್ಯಾಗ್ ಅನ್ನು ಮಾರಾಟದ ದಿನವೇ ತೆಗೆದು ಬ್ಯಾಂಕಿನಲ್ಲಿ ಖಾತೆ ಮುಚ್ಚಿಸಬೇಕು. ಇಲ್ಲದಿದ್ದರೆ ಕೊಂಡವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ಮರುಬಣ್ಣ ಬಳಿಸುವಾಗ ವಾಹನದ ಬಣ್ಣವೇ ಬದಲಾದರೆ ನೋಂದಣಿ ಪತ್ರದಲ್ಲಿ ಅದನ್ನು ದಾಖಲಿಸಿಕೊಳ್ಳಬೇಕು.

ಲೆಕ್ಕ ಮತ್ತು ದಾಖಲೆ

ಉಪಯೋಗದಲ್ಲಿರುವ ವಾಹನದ ಸ್ಟಿಕ್ಕರ್ ತೆಗೆಸಿದ ಖರ್ಚನ್ನು ವಾಹನ ದುರಸ್ತಿ ಮತ್ತು ನಿರ್ವಹಣೆಗೂ, ಹೊಸದನ್ನು ಹಾಕಿಸಿದ ಖರ್ಚನ್ನು ಜಾಹೀರಾತಿಗೂ ಬರೆಯುವುದು ವಾಡಿಕೆ. ಎರಡೂ ಆದಾಯ ಲೆಕ್ಕದ ವೆಚ್ಚಗಳೇ. ಪೇಂಟರ್‌ಗೆ ಕೈಯಲ್ಲಿ ಹಣ ಕೊಡುವಾಗ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿದ ನಗದು ಪಾವತಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಒಪ್ಪುವುದಿಲ್ಲವೆಂಬುದನ್ನು ನೆನಪಿಡಬೇಕು.

ವಾಹನ ಮಾರಾಟದ ಮೇಲಿನ ಜಿಎಸ್‌ಟಿ ಬಗ್ಗೆ ಎರಡು ಮಾತು. ಖರೀದಿಯ ವೇಳೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಮಾರಾಟ ಬೆಲೆಯು ಆದಾಯ ತೆರಿಗೆಯಂತೆ ಸವಕಳಿ ಕಳೆದ ಮೌಲ್ಯಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟರ ಮೇಲೆ ಮಾತ್ರ ತೆರಿಗೆ. 2025ರ ಜನವರಿಯ ತಿದ್ದುಪಡಿ ಅದರ ದರವನ್ನು ಎಲ್ಲ ಹಳೆಯ ವಾಹನಗಳಿಗೂ ಶೇಕಡಾ 18 ಎಂದು ಮಾಡಿತು. ಬೆಲೆ ಆ ಮೌಲ್ಯಕ್ಕಿಂತ ಕಡಿಮೆಯಿದ್ದರೆ ತೆರಿಗೆಯಿಲ್ಲ. ಸರಕು ವಾಹನಕ್ಕೆ ಜಮೆ ಪಡೆದಿದ್ದವರಿಗೆ ಈ ರಿಯಾಯಿತಿ ಸಲ್ಲದು. ಅವರು ಮಾರುವ ಮುನ್ನವೇ ತಮ್ಮ ಲೆಕ್ಕ ಪರಿಶೋಧಕರನ್ನು ಕಾಣಬೇಕು.

ವಾಹನ ಮಾರಿದ ಬಳಿಕ ನಮೂನೆ 29 ಮತ್ತು 30ನ್ನು ಸಲ್ಲಿಸಿ ಮಾಲೀಕತ್ವದ ವರ್ಗಾವಣೆಯನ್ನು ಕೊಂಡವರ ಭರವಸೆಗೆ ಬಿಡದೆ ತಾವೇ ಮುಗಿಸಿಕೊಳ್ಳಬೇಕು. ನೋಂದಣಿ ಪತ್ರದಲ್ಲಿ ಹೆಸರಿರುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ನಮೂನೆಗಳ ಪ್ರತಿ, ವಾಹನ ಒಪ್ಪಿಸಿದ ದಿನ ಮತ್ತು ಗಂಟೆಯನ್ನು ನಮೂದಿಸಿದ ರಸೀತಿ, ಹೆಸರಿಲ್ಲದ ಬಾಗಿಲುಗಳ ಛಾಯಾಚಿತ್ರ ಇವೆಲ್ಲ ಒಂದೇ ಕಡತದಲ್ಲಿರಲಿ.

ಹೊಸ ವಾಹನಕ್ಕೆ ಹೆಸರು ಹಾಕಿಸುವಾಗ ಹಾಳೆ ಕಾಸ್ಟ್ ಜಾತಿಯದೋ ಕ್ಯಾಲೆಂಡರ್ಡ್ ಜಾತಿಯದೋ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿ, ಹಾಕಿಸಿದ ದಿನಾಂಕವನ್ನು ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ಆ ವಾಹನದ ಪುಟದಲ್ಲಿ ಬರೆದಿಡಬಹುದು. ಕ್ಯಾಲೆಂಡರ್ಡ್ ಹಾಳೆಯಾದರೆ ಮೂರು ನಾಲ್ಕು ವರ್ಷಕ್ಕೊಮ್ಮೆ, ಅದು ಇನ್ನೂ ಒಂದೇ ತುಂಡಾಗಿ ಏಳುವ ಸ್ಥಿತಿಯಲ್ಲಿರುವಾಗಲೇ, ತೆಗೆದು ಹೊಸದು ಹಾಕಿಸುವುದು ಸುಲಭ. ಆ ತಮ್ಮನವರು ಈಗ ಹಾಗೆಯೇ ಮಾಡುತ್ತಿದ್ದಾರೆ. ಅವರ ಹೊಸ ವ್ಯಾನಿನ ಪುಟದಲ್ಲಿ ದಿನಾಂಕವಿದೆ, ಕಚೇರಿಯ ಕಪಾಟಿನಲ್ಲಿ ಒಂದು ಹೇರ್ ಡ್ರೈಯರೂ ಇದೆ.